ಮೊದಲು ಊರು, ಆಮೇಲೆ ವಂಶ



ತಂದೆ ತಾಯಿಯ ಹೆಸರಿನಲ್ಲಿ ದತ್ತಿ ಇಡುವುದು ನಮ್ಮಲ್ಲಿ ಸಾವಿರ ವರ್ಷಕ್ಕೂ ಹಳೆಯ ರೂಢಿ. ದಾನ ಕೊಟ್ಟವರು ಶಾಸನದಲ್ಲಿ ತಮ್ಮ ಹೆಸರಿನ ಜೊತೆಗೆ ತಂದೆ, ತಾಯಿ, ಅಜ್ಜ, ಹುಟ್ಟಿದ ಊರು, ಆ ಊರಿದ್ದ ನಾಡು ಇವನ್ನೂ ಬರೆಸುತ್ತಿದ್ದರು. ದಾನವಾದ ಗದ್ದೆ ತೋಟಗಳು ಎಂದೋ ಕೈಬಿಟ್ಟು ಹೋಗಿವೆ. ಆ ಹೆಸರುಗಳು ಮಾತ್ರ ಇವತ್ತಿಗೂ ಓದಲು ಸಿಗುತ್ತವೆ. ಪೂರ್ವಿಕರನ್ನು ಹುಡುಕುವ ಬಗೆ ಎಂಬ ನನ್ನ ವಿಷಯವನ್ನು ಅಂಥದೊಂದು ಬಂಡೆಗಲ್ಲಿನಿಂದ ಶುರುಮಾಡುತ್ತೇನೆ. ಅದಿರುವುದು ಇದೇ ತೆಲಂಗಾಣದಲ್ಲಿ.

ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಹತ್ತಿರ ಬೊಮ್ಮಲಗುಟ್ಟ ಎಂಬ ಗುಡ್ಡವಿದೆ. ಹತ್ತನೆಯ ಶತಮಾನದಲ್ಲಿ ಜಿನವಲ್ಲಭನೆಂಬವನು ಅಲ್ಲಿ ಜಿನಬಿಂಬಗಳನ್ನು ಕಡೆಸಿ, ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನ ಹಾಕಿಸಿದ. ತೆಲುಗಿನವರಿಗೆ ಅದು ತಮ್ಮ ಭಾಷೆಯ ಅತಿ ಹಳೆಯ ಕಂದಪದ್ಯಗಳಿರುವ ಶಾಸನ. ನಮಗೆ ಅದು ಆದಿಕವಿಯ ಮನೆಯ ದಾಖಲೆ, ಯಾಕೆಂದರೆ ಜಿನವಲ್ಲಭ ಪಂಪನ ತಮ್ಮ. ಪಂಪ 941ರಲ್ಲಿ ಮುಗಿಸಿದ ಕಾವ್ಯದಲ್ಲಿ ತನ್ನ ಹಿರಿಯರು ವೆಂಗಿಮಂಡಲದ ವೆಂಗಿಪಳುವಿನವರು ಎಂದು ಹೇಳಿಕೊಂಡಿದ್ದಾನೆ. ತಮ್ಮನ ಶಾಸನದಲ್ಲಿ ಅದೇ ಊರು ಕಮ್ಮನಾಡಿನ ವಂಗಿಪರ್ರು ಎಂದಿದೆ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು ಒಂದೇ ಊರನ್ನು ಎರಡು ಬಗೆಯಲ್ಲಿ ಬರೆದಿದ್ದಾರೆ. ಶಾಸನ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಅವರ ತಾಯಿಯ ಹೆಸರು ಅಬ್ಬಣಬ್ಬೆ. ಅವಳು ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆಯ ಮಗಳು. ಪಂಪ ತನ್ನ ತಂದೆಯ ಕಡೆಯ ತಲೆಮಾರುಗಳನ್ನು ವಿವರವಾಗಿ ಹೇಳಿದ್ದರೂ, ಅವನ ತಾಯಿಯ ತವರನ್ನು ನಮಗೆ ತೋರಿಸಿಕೊಟ್ಟದ್ದು ಈ ಕಲ್ಲು. ಕೃಷ್ಣೆಯ ಆಚೆಯ ವೆಂಗಿನಾಡಿನ ತಂದೆ, ಧಾರವಾಡ ಸೀಮೆಯ ತಾಯಿ, ವೇಮುಲವಾಡದ ಅರಸನ ಆಶ್ರಯದಲ್ಲಿದ್ದ ಮಗ ಎಂಬ ಪೂರ್ತಿ ಚಿತ್ರ ಕೂಡಿಬಂದದ್ದು ಮೂರು ಊರುಗಳ ಹೆಸರಿನಿಂದ.

ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಮಾತು ಇದರಲ್ಲೇ ಇದೆ. ಅಜ್ಜನ ಅಜ್ಜನ ಹೆಸರಿಗಾಗಿ ತಡಕಾಡುವ ಮೊದಲು ಅವನ ಊರನ್ನು ಹುಡುಕಿ. ಆ ಊರಿಗೆ ಆ ಕಾಲದಲ್ಲಿ ಏನು ಹೆಸರಿತ್ತು, ಅದು ಯಾವ ಪರಗಣೆಗೆ, ಜಿಲ್ಲೆಯಂಥ ಯಾವ ‘ಸರ್ಕಾರ’ಕ್ಕೆ ಸೇರಿತ್ತು, ಯಾವ ಲಿಪಿಯಲ್ಲಿ ಬರೆಯುತ್ತಿದ್ದರು ಎಂಬುದನ್ನು ಹುಡುಕಿ. ದಾಖಲೆಗಳನ್ನೆಲ್ಲ ಜೋಡಿಸಿಟ್ಟಿರುವುದು ಊರಿನ ಲೆಕ್ಕದಲ್ಲಿ. ಮನುಷ್ಯನ ಹೆಸರು ಹಿಡಿದು ಹೋದರೆ ಸಾವಿರ ಮಂದಿ ಬಸಪ್ಪಂದಿರು, ಸಾವಿರ ಮಂದಿ ಭೀಮರಾಯರು ಸಿಗುತ್ತಾರೆ. ಊರು ಗೊತ್ತಿದ್ದರೆ ನಮ್ಮ ಭೀಮರಾಯ ಯಾರು ಎಂಬುದು ತಿಳಿಯುತ್ತದೆ.

ಹೈದರಾಬಾದಿನ ಕನ್ನಡಿಗರಾದ ನಮಗೆ ಇದು ಬೇರೆಯವರಿಗಿಂತ ಹೆಚ್ಚು ತೊಡಕಿನ ಕೆಲಸ. ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ 1956ರವರೆಗೂ ಇದೇ ರಾಜಧಾನಿ. ನೌಕರಿಗೆ, ವಕೀಲಿಗೆ, ವ್ಯಾಪಾರಕ್ಕೆ, 1918ರ ಮೇಲೆ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವುದಕ್ಕೆ ಅಲ್ಲಿಂದ ಜನ ಇಲ್ಲಿಗೆ ಬಂದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಎದ್ದದ್ದು, ನೃಪತುಂಗನ ಹೆಸರಿನಲ್ಲಿ ಶಾಲೆ ನಡೆದದ್ದು ಅವರಿಂದಾಗಿಯೇ. ಅವರು ಪರದೇಶಕ್ಕೆ ಬಂದವರಲ್ಲ, ತಮ್ಮದೇ ಸಂಸ್ಥಾನದ ರಾಜಧಾನಿಗೆ ಬಂದವರು. 1956ರ ನವೆಂಬರ್ 1ರಂದು ಸಂಸ್ಥಾನ ಮೂರು ಹೋಳಾದಾಗ ಅವರು ಇದ್ದಲ್ಲೇ ಇದ್ದು ಹೊರನಾಡ ಕನ್ನಡಿಗರಾದರು.

ಗಡಿ ಗೀಚಿದ್ದು ಜಿಲ್ಲೆಗಳ ನಡುವೆ ಮಾತ್ರವಲ್ಲ, ಜಿಲ್ಲೆಗಳ ಒಳಗೂ ಗೀಚಿದರು. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು, ಗುಲ್ಬರ್ಗಾದ ಕೊಡಂಗಲ್, ತಾಂಡೂರು, ಬೀದರದ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ ಹೋದವು. ಬೀದರದ್ದೇ ಆದ ಉದಗೀರ, ನಿಲಂಗಾ, ಅಹಮದಪುರ ಮರಾಠಿ ಸೀಮೆಯ ಪಾಲಾದವು. ಅಲ್ಲಿಗೂ ನಿಲ್ಲಲಿಲ್ಲ. ಆಲಂಪುರ ಮೊದಲು ರಾಯಚೂರು ಜಿಲ್ಲೆ, ಆಮೇಲೆ ಮಹಬೂಬನಗರ, 2016ರಿಂದ ಜೋಗುಳಾಂಬ ಗದ್ವಾಲ. ತಾಂಡೂರು ಈಗ ವಿಕಾರಾಬಾದಿನಲ್ಲಿದೆ, ನಾರಾಯಣಖೇಡ ಸಂಗಾರೆಡ್ಡಿಯಲ್ಲಿದೆ. ಅಜ್ಜನ ಮೆಟ್ರಿಕ್ ಸರ್ಟಿಫಿಕೇಟಿನಲ್ಲಿ ಜಿಲ್ಲಾ ರಾಯಚೂರು, ತಾಲ್ಲೂಕು ಆಲಂಪುರ ಎಂದಿದೆ ಅನ್ನಿ. ಅದನ್ನು ನಂಬಿ ಮೊಮ್ಮಗ ಇವತ್ತು ರಾಯಚೂರಿಗೆ ಹೋದರೆ ಅವನ ಊರು ಆ ಜಿಲ್ಲೆಯ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಊರು ಕದಲಿಲ್ಲ. ಅದರ ಸುತ್ತ ಜಿಲ್ಲೆಗಳು ಬದಲಾದವು, ಜಿಲ್ಲೆಗಳ ಜೊತೆ ಕಡತಗಳೂ ಬೇರೆ ಬೇರೆ ಕಚೇರಿ ಸೇರಿದವು.

ನಮ್ಮ ಮಕ್ಕಳನ್ನು ನಿಮ್ಮ ಮೂಲ ಎಲ್ಲಿ ಎಂದು ಕೇಳಿ ನೋಡಿ. ಗುಲ್ಬರ್ಗಾ ಸೈಡ್ ಅನ್ನುತ್ತಾರೆ, ಇಲ್ಲವೇ ಬೀದರ್ ಕಡೆ ಅನ್ನುತ್ತಾರೆ. ತಪ್ಪು ಅವರದಲ್ಲ, ನಾವು ಅವರಿಗೆ ಹೇಳಿಕೊಟ್ಟದ್ದೇ ಅಷ್ಟು.

ಇಂಥದೇ ಸ್ಥಿತಿಯಲ್ಲಿದ್ದು, ಅದರಿಂದ ಬಹುಮಟ್ಟಿಗೆ ಹೊರಬಂದ ಒಂದು ದೇಶವಿದೆ. ಐರ್ಲೆಂಡಿನಲ್ಲಿ 1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆ ಕೊಳೆತು ಘೋರ ಬರ ಬಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು, ಸುಮಾರು ಅಷ್ಟೇ ಜನ ಹಡಗು ಹತ್ತಿದರು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿರುವ ಅವರ ಮರಿಮಕ್ಕಳಿಗೆ ಉಳಿದದ್ದು ಕಾರ್ಕ್ ಕಡೆಯವರು, ಗಾಲ್ವೇ ಕಡೆಯವರು ಎಂಬಷ್ಟೇ ನೆನಪು. ಆದರೆ ಅಲ್ಲಿನ ದಾಖಲೆಗಳು ತೆರೆದುಕೊಳ್ಳಬೇಕಾದರೆ ಕೌಂಟಿಯ ಹೆಸರು ಸಾಲದು. ಪ್ಯಾರಿಷ್ ಗೊತ್ತಿರಬೇಕು, ಅದರೊಳಗಿನ ಟೌನ್‌ಲ್ಯಾಂಡ್ ಗೊತ್ತಿರಬೇಕು. ಟೌನ್‌ಲ್ಯಾಂಡ್ ಅಂದರೆ ನಮ್ಮ ಮಜರೆಯಷ್ಟು ಸಣ್ಣ ನೆಲ. ಆ ದ್ವೀಪದಲ್ಲಿ ಅಂಥವು 60,000ಕ್ಕೂ ಹೆಚ್ಚು. ಹಲವಕ್ಕೆ ಒಂದೇ ಹೆಸರು, ಒಂದೊಂದಕ್ಕೆ ನಾಲ್ಕಾರು ಕಾಗುಣಿತ. 1824ರಲ್ಲಿ ಶುರುವಾದ ಭೂಮಾಪನದ ಕಾಲದಲ್ಲಿ ಜಾನ್ ಓಡೊನೊವನ್ ಎಂಬ ವಿದ್ವಾಂಸ ಊರೂರು ತಿರುಗಿ, ಐರಿಷ್ ಆಡುವ ಮುದುಕರನ್ನು ಕೂರಿಸಿಕೊಂಡು ಒಂದೊಂದು ನೆಲದ ಹೆಸರನ್ನೂ ಅವರ ಬಾಯಲ್ಲಿ ಕೇಳಿ ಬರೆದುಕೊಂಡ. ಆ ಹೆಸರುಗಳು ನಕ್ಷೆಗೆ ಹತ್ತಿದ್ದು ಇಂಗ್ಲಿಷ್ ಕಿವಿಗೆ ಒಗ್ಗಿದ ರೂಪದಲ್ಲಿ. ಹಳೆಯ ಉಚ್ಚಾರ ಅವನ ಟಿಪ್ಪಣಿಗಳಲ್ಲಿ ಉಳಿಯಿತು.

1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ದಾಖಲೆ ಭಂಡಾರ ಅಂತರ್ಯುದ್ಧದಲ್ಲಿ ಸ್ಫೋಟಗೊಂಡು ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಚೂರುಪಾರು ಬಿಟ್ಟರೆ ಉಳಿದದ್ದೆಲ್ಲ ಬೂದಿಯಾಯಿತು. ಅಲ್ಲಿ ತಂದಿಟ್ಟಿದ್ದ ಪ್ರಾಟೆಸ್ಟೆಂಟ್ ಪ್ಯಾರಿಷ್ ಪುಸ್ತಕಗಳೂ ಹೋದವು. ಕ್ಯಾಥೊಲಿಕ್ ಪ್ಯಾರಿಷ್‌ಗಳ ಜ್ಞಾನಸ್ನಾನದ, ಮದುವೆಯ ಪುಸ್ತಕಗಳು ಊರಿನ ಪಾದ್ರಿಗಳ ಮನೆಯಲ್ಲೇ ಇದ್ದುದರಿಂದ ಉಳಿದುಕೊಂಡವು. ಅವನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಮೈಕ್ರೋಫಿಲ್ಮ್ ಮಾಡಿಸಿ, 2015ರಲ್ಲಿ ಯಾರು ಬೇಕಾದರೂ ಹಣ ಕೊಡದೆ ನೋಡುವಂತೆ ತೆರೆದಿಟ್ಟಿತು. ಆ ಪುಸ್ತಕಗಳಲ್ಲಿರುವುದು ಒಂದೊಂದೇ ಸಾಲು. ಮಗುವಿನ ಹೆಸರು, ತಂದೆ ತಾಯಿ, ಇಬ್ಬರು ಧರ್ಮಪೋಷಕರು, ತಾರೀಖು, ಪಾದ್ರಿ ಬರೆದಿದ್ದರೆ ಟೌನ್‌ಲ್ಯಾಂಡ್. ಹಲವೆಡೆ ಲ್ಯಾಟಿನ್ನಿನಲ್ಲಿ ಬರೆದದ್ದರಿಂದ ಮನೆಯಲ್ಲಿ ಜೇಮ್ಸ್ ಆದವನು ಪುಸ್ತಕದಲ್ಲಿ ಯಾಕೋಬಸ್. ತಾಯಿಯ ತವರುಮನೆಯ ಹೆಸರನ್ನೂ ಆ ಸಾಲು ಹೇಳುತ್ತದೆ. ನಮ್ಮ ವಂಶವೃಕ್ಷಗಳು ಹೇಳದ ಮಾತು ಅದು.

ಚರ್ಚಿನ ಪುಸ್ತಕವೂ ಇಲ್ಲದ ಕಡೆ ಅವರಿಗೆ ನೆರವಾದದ್ದು ತೆರಿಗೆಯ ಪುಸ್ತಕ. ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ದೇಶದ ಒಂದೊಂದು ಮನೆ, ಒಂದೊಂದು ಹೊಲಕ್ಕೆ ಬೆಲೆ ಕಟ್ಟಿ, 1847ರಿಂದ 1864ರವರೆಗೆ ಅಚ್ಚುಮಾಡಿದರು. ಅದನ್ನು ಮಾಡಿದ್ದು ಕಂದಾಯಕ್ಕೆ. ಇವತ್ತು ಅದು ಎಷ್ಟೋ ಬಡ ಗೇಣಿದಾರರ ಹೆಸರು ಸಿಗುವ ಏಕೈಕ ಜಾಗವಾಗಿದೆ. ಉಯಿಲು ಬರೆಯುವಷ್ಟು ಆಸ್ತಿಯಿಲ್ಲದವನು, ಸಮಾಧಿಗೆ ಕಲ್ಲು ಹಾಕಿಸಲಾಗದವನು ತೆರಿಗೆಯ ಸಾಲಿನಲ್ಲಿ ಬದುಕಿ ಉಳಿದಿದ್ದಾನೆ. ಈ ಮಾತನ್ನು ನೆನಪಿಡಬೇಕೆಂದು ಕೋರುತ್ತೇನೆ, ಮುಂದೆ ನಮ್ಮ ಹಳ್ಳಿಗಳಿಗೂ ಇದು ಬೇಕಾಗುತ್ತದೆ.

ಐರ್ಲೆಂಡಿನ ಮಾತು ಹೈದರಾಬಾದಿಗೆ ಹೊರಗಿನದೂ ಅಲ್ಲ. ಸಿಕಂದರಾಬಾದಿನ ದಂಡಿನಲ್ಲಿ ಐರಿಷ್ ಸಿಪಾಯಿಗಳಿದ್ದರು. 1850ರ ಸುಮಾರಿಗೆ ಎದ್ದ ಅಲ್ಲಿನ ಸೇಂಟ್ ಮೇರಿ ಚರ್ಚಿನ ಜೊತೆ ಹೆಸರು ಸೇರಿಕೊಂಡಿರುವ ಡೇನಿಯಲ್ ಮರ್ಫಿ, ಕಾರ್ಕ್ ಕೌಂಟಿಯಲ್ಲಿ ಹುಟ್ಟಿ ಇಲ್ಲಿ ಬಿಷಪ್ ಆಗಿ, ಮುಂದೆ ಟಾಸ್ಮೇನಿಯಾದ ಹೋಬಾರ್ಟಿಗೆ ಹೋದವರು. ಆ ದಂಡಿನವರ ಮಗುವಿನ ಜ್ಞಾನಸ್ನಾನದ ದಾಖಲೆ ಬೇಕಾದವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಹೈದರಾಬಾದ್ ಎಂದು ಹುಡುಕಿದರೆ ಪ್ರಯೋಜನವಿಲ್ಲ. ಇಲ್ಲಿದ್ದದ್ದು ಮದರಾಸಿನ ಸೈನ್ಯವಾದ್ದರಿಂದ ಪ್ರತಿಗಳು ಮದರಾಸು ಪ್ರೆಸಿಡೆನ್ಸಿಯ ಸಾಲಿನಲ್ಲಿವೆ. ಹುಟ್ಟಿದ್ದು ನಿಜಾಮರ ನೆಲದಲ್ಲಿ, ಬರೆದದ್ದು ಮದರಾಸಿನ ಲೆಕ್ಕಕ್ಕೆ.

ಸುರಪುರದವರಿಗೆ ಮೆಡೋಸ್ ಟೇಲರ್ ಹೆಸರು ಗೊತ್ತೇ ಇದೆ. ನಿಜಾಮರ ನೌಕರಿಯಲ್ಲಿದ್ದು 1841ರಿಂದ ಹನ್ನೆರಡು ವರ್ಷ ಸುರಪುರದ ಆಡಳಿತ ನೋಡಿಕೊಂಡ ಅವರು ನಿವೃತ್ತರಾಗಿ ನೆಲೆಸಿದ್ದು ಡಬ್ಲಿನ್ನಿನಲ್ಲಿ. ರಾಜನ ಕೋಳೂರು, ಜೇವರ್ಗಿಗಳ ಕಲ್ಗೋರಿಗಳನ್ನು ಅಗೆಸಿ ನೋಡಿ, ಐರ್ಲೆಂಡಿನಲ್ಲಿ ತಾವು ಕಂಡ ಕಲ್ಗೋರಿಗಳ ಜೊತೆ ಹೋಲಿಸಿ ಬರೆದ ಪ್ರಬಂಧವನ್ನು ಅವರು ಒಪ್ಪಿಸಿದ್ದು ಅಲ್ಲಿನ ರಾಯಲ್ ಐರಿಷ್ ಅಕಾಡೆಮಿಗೆ. ಎರಡೂ ಒಂದೇ ಜನಾಂಗದ ಗೋರಿಗಳೆಂಬ ಅವರ ಊಹೆ ನಿಲ್ಲಲಿಲ್ಲ. ಆದರೆ ಊರಿನವರು ಅವನ್ನು ಮೋರ್ಯರ ಮನೆಗಳೆಂದು ಕರೆಯುವುದನ್ನು ಗುರುತುಹಾಕಿಟ್ಟದ್ದು ಉಪಯೋಗಕ್ಕೆ ಬಂದಿದೆ.

ನಮ್ಮ ಊರುಗಳ ಹೆಸರಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಕೆಲಸದ ಮುಕ್ಕಾಲು ಪಾಲು ಇಲ್ಲಿಯೇ ಇದೆ.

ದೊಡ್ಡ ಊರುಗಳಿಗೆ ಅರಸರು ಇಟ್ಟ ಹೆಸರು ಬೇರೆ, ಜನ ಕರೆದ ಹೆಸರು ಬೇರೆ. ಬಹಮನಿ ಕಾಲದ ಬರಹದಲ್ಲಿ ಕಲಬುರಗಿ ಅಹಸನಾಬಾದ್, ಬೀದರ ಮುಹಮ್ಮದಾಬಾದ್. ಔರಂಗಜೇಬ ಗೆದ್ದಮೇಲೆ ಅದೇ ಬೀದರ ಜಫರಾಬಾದ್ ಆಯಿತು, ರಾಯಚೂರು ಫಿರೋಜ್‌ನಗರ ಆಯಿತು. ಇಂಗ್ಲಿಷರು ಸುರಪುರವನ್ನು ಶೋರಾಪುರ ಮಾಡಿದರು. 2014ರಲ್ಲಿ ಗುಲ್ಬರ್ಗಾ ಮತ್ತೆ ಕಲಬುರಗಿ ಆದದ್ದು ನಾವೆಲ್ಲ ನೋಡಿದ್ದೇ. ಇನ್ನೂ ಹಿಂದಕ್ಕೆ ಹೋದರೆ ಮಳಖೇಡ ಮಾನ್ಯಖೇಟ, ಮಸ್ಕಿ ಮೊಸಂಗಿ. ನಾವು ದಿನಾ ಬಸ್ಸಿನ ಬೋರ್ಡಿನ ಮೇಲೆ ಓದುವ ಪಟಾನ್‌ಚೆರು ಚಾಲುಕ್ಯರ ಕಾಲದ ಪೊಟ್ಟಳಕೆರೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಜಯಸಿಂಹ ಚಾಲುಕ್ಯ ಅಲ್ಲಿಂದ ಆಳಿದ.

ದೊಡ್ಡ ಊರುಗಳ ವಿಷಯ ಪುಸ್ತಕಗಳಲ್ಲಿ ಸಿಗುತ್ತದೆ. ಕಷ್ಟವಿರುವುದು ಹಳ್ಳಿಗಳಲ್ಲಿ. ಹುಮನಾಬಾದ್ ತಾಲ್ಲೂಕಿನಲ್ಲಿ ಹಳ್ಳಿಖೇಡ (ಬಿ) ಇದೆ, ಹಳ್ಳಿಖೇಡ (ಕೆ) ಇದೆ. ಜೇವರ್ಗಿಯಲ್ಲೂ ಇಂಥ ಬಿ ಮತ್ತು ಕೆ ಇವೆ. ಕಂಸದಲ್ಲಿರುವ ಈ ಒಂದಕ್ಷರವನ್ನು ಯಾವುದೋ ಕಚೇರಿಯ ಗುರುತೆಂದು ಬಿಟ್ಟುಬಿಡುವವರೇ ಹೆಚ್ಚು. ಬಿ ಅಂದರೆ ಬುಜುರ್ಗ್, ದೊಡ್ಡದು. ಕೆ ಅಂದರೆ ಖುರ್ದ್, ಚಿಕ್ಕದು. ತುಂಗಭದ್ರೆಯ ಕಡೆ ಹಿರೇ, ಚಿಕ್ಕ ಎಂದು ಊರಿನ ಹೆಸರಿನ ಮುಂದೆ ಹಚ್ಚುವುದನ್ನೇ ಇಲ್ಲಿ ಪಾರಸಿ ದಫ್ತರದವರು ಹಿಂದೆ ಹಚ್ಚಿದರು. ಆ ಅಕ್ಷರ ಬಿಟ್ಟು ನಕಲು ಮಾಡಿಕೊಂಡರೆ ಎರಡು ಊರಿನ ಎರಡು ಮನೆತನಗಳು ಒಂದೇ ವೃಕ್ಷದಲ್ಲಿ ಕಸಿಯಾಗಿ ಕೂರುತ್ತವೆ. ಬೇರೆ ಯಾರದೋ ಅಜ್ಜನನ್ನು ನಮ್ಮವನೆಂದು ಮಕ್ಕಳಿಗೆ ಹೇಳಿದಂತಾಗುತ್ತದೆ.

ಇನ್ನು ಬೇಚಿರಾಕ್ ಊರುಗಳು. ದೀಪ ಹಚ್ಚುವವರಿಲ್ಲದ ಊರು ಎಂದು ಕಂದಾಯದವರು ಇಟ್ಟ ಹೆಸರು. ಸರ್ವೆ ನಂಬರು ಇರುತ್ತದೆ, ಹೊಲಗಳಿರುತ್ತವೆ, ಹಾಳು ಹನುಮಪ್ಪನ ಗುಡಿ ಇದ್ದರೂ ಇರುತ್ತದೆ, ಮನೆ ಒಂದೂ ಇರುವುದಿಲ್ಲ. ಬರಕ್ಕೋ ಬೇನೆಗೋ ದಂಡಿಗೋ ಹೆದರಿ ಜನ ಎದ್ದುಹೋದ ಊರುಗಳು ಇವು. ಹೋದವರು ಅಡ್ಡಹೆಸರಾಗಿ ಆ ಊರನ್ನು ಹೊತ್ತುಕೊಂಡು ಹೋದರು. ನಮ್ಮ ಸೀಮೆಯ ಅಡ್ಡಹೆಸರುಗಳಲ್ಲಿ ಊರಿನ ಹೆಸರೇ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಎಂ.ಎಂ. ಕಲಬುರ್ಗಿಯವರು ಕನ್ನಡ ನಾಮವಿಜ್ಞಾನದ ಮೇಲೆ ಮಾಡಿದ ಕೆಲಸ ಇದರಲ್ಲಿ ನಮಗೆ ದಾರಿ. ನೆನಪಿಡಬೇಕಾದದ್ದು ಇಷ್ಟು: ಊರಿನಲ್ಲೇ ಇರುವವನಿಗೆ ಊರಿನ ಅಡ್ಡಹೆಸರು ಬೇಕಾಗುವುದಿಲ್ಲ, ಊರು ಬಿಟ್ಟು ಬಂದವನಿಗೆ ಅದು ಅಂಟುತ್ತದೆ. ಹಾಗಾಗಿ ಅಡ್ಡಹೆಸರು ತೋರಿಸುವುದು ಹಿಂದಿನ ನೆಲೆಯನ್ನು. ಅದಕ್ಕೂ ಹಿಂದಿನದು ಬೇಕಾದರೆ ಮನೆದೇವರನ್ನು ಕೇಳಬೇಕು. ಭಾಲ್ಕಿ ಹತ್ತಿರದ ಖಾನಾಪುರದ ಮೈಲಾರ ಮಲ್ಲಣ್ಣ, ಘತ್ತರಗಿಯ ಭಾಗ್ಯವಂತಿ, ಹುಲಿಗಿಯ ಹುಲಿಗೆಮ್ಮ, ತುಳಜಾಪುರದ ಭವಾನಿ, ಯಾರ ಮನೆಗೆ ಯಾವ ದೇವರೋ ಅದರ ಸುತ್ತಮುತ್ತ ಆ ಮನೆಯ ಹಳೆಯ ಜಾಡು ಇರುವ ಸಂಭವ ಹೆಚ್ಚು. ನಂಬಿಕೆಯ ಮಾತು ಬದಿಗಿರಲಿ, ಇದು ದಾಖಲೆಯ ಮಾತು. ಊರು ಮರೆತ ಮನೆಗಳೂ ಮನೆದೇವರನ್ನು ಮರೆತಿರುವುದಿಲ್ಲ.

ಊರು ಸಿಕ್ಕಿತು ಅನ್ನಿ. ಮುಂದೆ ಲಿಪಿ. ನಮ್ಮ ಹಿರಿಯರ ಕಾಗದಗಳು ಕನ್ನಡದಲ್ಲಿ ಇರುತ್ತವೆಂಬ ಭರವಸೆ ಬೇಡ. ಕುಲಕರ್ಣಿಯ ಲೆಕ್ಕ ಮೋಡಿ ಲಿಪಿಯಲ್ಲಿರಬಹುದು. ಸರ್ಕಾರದ ಬರಹ 1884ರವರೆಗೆ ಪಾರಸಿ, ಆಮೇಲೆ ಉರ್ದು. ಪಾರಸಿ ಲಿಪಿಯಲ್ಲಿ ಕ ಮತ್ತು ಗ ನಡುವೆ ಇರುವುದು ಮೇಲೆ ಎಳೆಯುವ ಒಂದು ಗೀಟು, ಅವಸರದ ಮುನ್ಷಿ ಅದನ್ನು ಎಳೆಯುವುದಿಲ್ಲ. ದ, ಡ ಎರಡಕ್ಕೂ ಒಂದೇ ಅಕ್ಷರ ಬರೆದುಬಿಡುತ್ತಾನೆ. ಊ ಮತ್ತು ಓ ಸ್ವರಗಳಿಗೂ ಒಂದೇ ಗುರುತು. ಹೀಗಾಗಿ ಕೋಡೂರು, ಕೂಡೂರು, ಗೋಡೂರು, ಗೂಡೂರು ನಾಲ್ಕೂ ಕಾಗದದ ಮೇಲೆ ಒಂದೇ ಆಗಿ ಕಾಣುತ್ತವೆ. ಅಕ್ಕಪಕ್ಕದ ಊರುಗಳ ಹೆಸರು, ಹಳ್ಳದ ಹೆಸರು, ಪರಗಣೆಯ ಹೆಸರು ಕೂಡಿಸಿ ಓದಿದಾಗಲೇ ಇದು ಯಾವ ಊರೆಂದು ತೀರ್ಮಾನಿಸಬಹುದು. ಪಾರಸಿ ಬಲ್ಲವರಿಗೆ ನಮ್ಮ ಊರುಗಳು ಗೊತ್ತಿಲ್ಲ, ಊರು ಗೊತ್ತಿದ್ದವರಿಗೆ ಪಾರಸಿ ಬರುವುದಿಲ್ಲ. ಇಬ್ಬರೂ ಒಂದೇ ಮೇಜಿಗೆ ಕೂತರೆ ಓದಬಹುದು. ಆ ಕಾರಣಕ್ಕೇ ನಮ್ಮ ನಗರದ ಹಳೆಯ ಉರ್ದು ಮೇಷ್ಟ್ರುಗಳನ್ನು ನಾವು ಕಳೆದುಕೊಳ್ಳಬಾರದು.

ವರ್ಷವನ್ನೂ ಓದಬೇಕು. 1948ಕ್ಕೆ ಮೊದಲಿನ ಶಾಲೆಯ ದಾಖಲೆಯಲ್ಲಿ ಜನ್ಮದಿನ 15 ಬಹಮನ್ 1340 ಎಂದಿದ್ದರೆ ಗಾಬರಿಯಾಗಬೇಕಿಲ್ಲ. ಅದು ನಿಜಾಮರ ಆಡಳಿತದ ಫಸಲಿ ವರ್ಷ. 590 ಕೂಡಿಸಿದರೆ 1930. ವರ್ಷ ಅಕ್ಟೋಬರಿನಲ್ಲಿ ಆಜುರ್ ಮಾಸದಿಂದ ಶುರುವಾಗುವುದರಿಂದ ಮೂರನೆಯ ತಿಂಗಳಾದ ಬಹಮನ್ ಸುಮಾರಾಗಿ ಡಿಸೆಂಬರಿಗೆ ಬರುತ್ತದೆ. ಕೊನೆಯ ಒಂಬತ್ತು ತಿಂಗಳಿಗೆ ಮಾತ್ರ 591 ಕೂಡಿಸಬೇಕು. ಇದು ಗೊತ್ತಿಲ್ಲದೆ ಒಂದೊಂದು ವರ್ಷ ಹೆಚ್ಚು ಕಡಿಮೆಯಾಗಿ ನಿಂತಿರುವ ಜನ್ಮದಿನಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ.

ತಾರ್ನಾಕದಲ್ಲಿರುವ ರಾಜ್ಯ ದಾಖಲೆ ಭಂಡಾರವನ್ನು ನೋಡದಿದ್ದವರು ಒಮ್ಮೆ ನೋಡಬೇಕು. ನಿಜಾಮರ ದಫ್ತರೆ ದಿವಾನಿಯ ಸಂಗ್ರಹದಿಂದ ಬೆಳೆದದ್ದು ಅದು. ಬಹಮನಿ ಫಿರೋಜ್ ಷಹನ ಕಾಲದ 1406ರ ಪತ್ರ ಅಲ್ಲಿನ ಅತಿ ಹಳೆಯದು. ಷಹಜಹಾನ್, ಔರಂಗಜೇಬರ ಕಾಲದ ದಖನ್ನಿನ ಕಾಗದಗಳೇ ಲಕ್ಷಕ್ಕೂ ಮಿಕ್ಕಿವೆ. ಇನಾಮಿನ ವಿಚಾರಣೆಗಳು, ಅವುಗಳ ತೀರ್ಪಿನ ಪತ್ರಗಳಾದ ಮುಂತಖಬುಗಳು ನಮಗೆ ಬಹಳ ಬೇಕಾದವು. ಇನಾಮು ತನ್ನದೆಂದು ಸಾಧಿಸುವವನು ಅದನ್ನು ಮೊದಲು ಪಡೆದವನಿಂದ ತನ್ನವರೆಗೆ ವಂಶಾವಳಿ ಒಪ್ಪಿಸಬೇಕಿತ್ತು. ದಾಯಾದಿಗಳ ತಕರಾರಿದ್ದರೆ ಇನ್ನೂ ಒಳ್ಳೆಯದು, ಎರಡೂ ಕಡೆಯ ವಂಶಾವಳಿ ಸಿಗುತ್ತದೆ. 1919ರ ಫರ್ಮಾನಿನ ಮೇಲೆ ನೌಕರಿಗೆ ಬೇಕಾದ ಮುಲ್ಕಿ ಸರ್ಟಿಫಿಕೇಟನ್ನೂ ಮರೆಯಬಾರದು. ತಾನು ಈ ಸಂಸ್ಥಾನದವನೆಂದು ತೋರಿಸಲು ಅರ್ಜಿದಾರ ಹಿರಿಯರ ನೆಲೆಯನ್ನು ಹೇಳಲೇಬೇಕಾಗಿತ್ತು. ಎಷ್ಟೋ ಮನೆಗಳ ಟ್ರಂಕಿನ ತಳದಲ್ಲಿ ಅದು ಈಗಲೂ ಇರಬಹುದು. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದಲ್ಲಿ ಈ ನಗರದ ಸಾವಿರಾರು ಮನೆಗಳು ಕೊಚ್ಚಿಹೋದವು. ಡಬ್ಲಿನ್ನಿನಲ್ಲಿ ಬೆಂಕಿ ಮಾಡಿದ್ದನ್ನು ಇಲ್ಲಿ ನೀರು ಮಾಡಿತು. ಅಂಥ ಮನೆಯವರಿಗೆ ಕಚೇರಿಯಲ್ಲಿ ಉಳಿದ ಪ್ರತಿಯೇ ಗತಿ.

ಕಾಗದ ಮಾತ್ರವೇ ದಾಖಲೆಯಲ್ಲ. ಚರ್ಚಿನ ಪುಸ್ತಕದ ಸ್ಥಾನದಲ್ಲಿ ನಮಗೆ ಇದ್ದವರು ಹೆಳವರು. ಸುಗ್ಗಿ ಮುಗಿದ ಮೇಲೆ ನಂದಿಯ ಮೇಲೆ ಕೂತು, ಗಂಟೆ ಬಾರಿಸುತ್ತ ಒಕ್ಕಲು ಮನೆಯ ಮುಂದೆ ಬಂದು ನಿಲ್ಲುತ್ತಿದ್ದರು. ನಿಮ್ಮ ಮೂಲಪುರುಷ ಇಂಥವನು, ಇಂಥ ಬರದಲ್ಲಿ ಇಂಥ ಊರು ಬಿಟ್ಟ, ಇಂಥಲ್ಲಿ ಮೂರು ತಲೆ ಕಳೆದ, ಅಣ್ಣ ಅಲ್ಲೇ ನಿಂತ, ತಮ್ಮ ಇಲ್ಲಿಗೆ ಬಂದ ಎಂದು ತಲೆತಲಾಂತರವನ್ನು ಬಾಯಲ್ಲಿ ಹೇಳಿ, ಆ ವರ್ಷ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಕಾಳು, ಬಟ್ಟೆ, ಆದವರಿಂದ ದನಕರು ಪಡೆದು ಮುಂದೆ ಹೋಗುತ್ತಿದ್ದರು. ತಾಳೆಗರಿ, ತಾಮ್ರಪಟ, ಆಮೇಲೆ ಕಾಗದದ ಪುಸ್ತಕ ಅವರ ಬಳಿ ಉಂಟು. ಯಾವ ಮನೆತನಕ್ಕೆ ಯಾವ ಹೆಳವ ಎಂಬುದು ಹಕ್ಕಾಗಿ ನಡೆದುಬಂದಿದೆ. ಊರು ಬದಲಾದುದನ್ನು ಕ್ರಮವಾಗಿ ಹಿಡಿದಿಟ್ಟ ಇಂಥ ಇನ್ನೊಂದು ವ್ಯವಸ್ಥೆ ನಮ್ಮ ಸೀಮೆಯಲ್ಲಿ ಇಲ್ಲ. ಐರ್ಲೆಂಡಿನ ಪಾದ್ರಿ ತನ್ನ ಪ್ಯಾರಿಷ್‌ನ ಗಡಿ ದಾಟಿ ಹೋದವನನ್ನು ಬರೆಯುತ್ತಿರಲಿಲ್ಲ. ಹೆಳವ ಬೆನ್ನುಹತ್ತಿ ಹೋಗಿ ಬರೆದ. ಆದರೆ ಹಳ್ಳಿಯ ಮನೆಗೆ ಬೀಗ ಬಿದ್ದ ಮೇಲೆ ಅವನು ಯಾರ ಬಾಗಿಲಲ್ಲಿ ನಿಂತಾನು? ಇವತ್ತು ಹೆಳವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಅದು ಆಗಲೇಬೇಕಾದದ್ದು. ಅವರ ಪುಸ್ತಕಗಳನ್ನು ಅವರ ಒಪ್ಪಿಗೆಯಿಂದ, ತಕ್ಕ ಸಂಭಾವನೆ ಕೊಟ್ಟು ಪ್ರತಿಮಾಡಿಸಿಡುವುದು ಸರ್ಕಾರದ ಕೆಲಸ, ನಮ್ಮಂಥ ಸಂಸ್ಥೆಗಳ ಕೆಲಸ. ಆ ವಿದ್ಯೆಗೆ ನಾವು ತೋರಿಸಿರುವ ಅಸಡ್ಡೆ ಇನ್ನು ಸಾಕು.

ಗಯಾ, ಕಾಶಿ, ತ್ರ್ಯಂಬಕಗಳ ಪಂಡರು, ಅಂದರೆ ಕ್ಷೇತ್ರಪುರೋಹಿತರು, ಯಾತ್ರಿಕರ ವಂಶ ಬರೆದಿಡುವ ವಹಿಗಳ ಬಗ್ಗೆ ಬಹಳ ಹೇಳಬೇಕಿಲ್ಲ. ಅಲ್ಲಿಗೆ ಹೋದವರನ್ನು ಕೇಳುವ ಮೊದಲ ಪ್ರಶ್ನೆ ಮೂಲ ಊರು ಯಾವುದು ಎಂಬುದೇ. ಹೈದರಾಬಾದ್ ಎಂದರೆ ಪುಸ್ತಕ ತೆರೆಯುವುದಿಲ್ಲ.

ಈ ವಹಿಗಳಲ್ಲಿ ಇಲ್ಲದವರು ಯಾರು ಎಂದು ಕೇಳಿಕೊಳ್ಳದೆ ನಾನು ಈ ವಿಷಯ ಮುಗಿಸಲಾರೆ. ಯಾತ್ರೆಗೆ ಹೋಗಲು ಹಣವಿಲ್ಲದವರು ಇಲ್ಲ. ಗುಡಿಯೊಳಗೆ ಬಿಡದ ಜನ ಇಲ್ಲ. ವಂಶದ ಹುಡುಕಾಟ ಮೇಲುಜಾತಿಯ ಹೆಮ್ಮೆಯ ಕಸುಬಾಗಿ ಉಳಿದರೆ ಅದರಲ್ಲಿ ನನಗೆ ಆಸಕ್ತಿಯಿಲ್ಲ. ಗ್ರಿಫಿತ್ತನ ತೆರಿಗೆ ಪುಸ್ತಕದ ಮಾತನ್ನು ಇಲ್ಲಿಗಾಗಿಯೇ ನೆನಪಿಡಿ ಎಂದದ್ದು. ನಮ್ಮ ಕಂದಾಯದ ಕಡತಗಳಲ್ಲಿ ಸೇತ್‌ಸಿಂಧಿ ಇನಾಮು, ನೀರಡಿ ಇನಾಮು, ಬಲೂತಿ ಇನಾಮುಗಳ ಪಟ್ಟಿಗಳಿವೆ. ಊರು ಕಾದವರು, ಕೆರೆಯ ತೂಬು ಎತ್ತಿ ಇಳಿಸಿದವರು, ಚರ್ಮ ಹದಮಾಡಿದವರು, ಹೆಣ ಹೊತ್ತವರು ಇವರ ಸೇವೆಗೆಂದು ಬಿಟ್ಟ ತುಂಡು ನೆಲದ ಲೆಕ್ಕ ಅದು. ಅದರಲ್ಲಿ ಅವರ ಹೆಸರು ಇದೆ, ಅವರ ತಂದೆಯ ಹೆಸರು ಇದೆ, ಸರ್ವೆ ನಂಬರು ಇದೆ. ಸರ್ವೆಯ ಸೇತ್ವಾರಿನಲ್ಲಿ, 1954-55ರ ಖಾಸ್ರಾ ಪಹಣಿಯೆಂಬ ಹೊಲದ ಲೆಕ್ಕದಲ್ಲಿ ಆ ಜಾಡನ್ನು ಹಿಡಿಯಬಹುದು. ಪಂಡರು ಬರೆಯದ ಮನೆತನವನ್ನು ಪಟವಾರಿ ಬರೆದಿದ್ದಾನೆ. ದಲಿತ ಮನೆಯ ಹುಡುಗನೋ ಹುಡುಗಿಯೋ ತನ್ನ ಐದು ತಲೆಯನ್ನು ಊರಿನ ಹೆಸರಿನ ಸಮೇತ ಕಡತದಿಂದ ಎತ್ತಿ ತೋರಿಸಿದರೆ ಅದು ಈ ಶಾಸ್ತ್ರ ಮಾಡಬಹುದಾದ ಅತ್ಯುತ್ತಮ ಕೆಲಸ ಎಂದು ನಾನು ತಿಳಿದಿದ್ದೇನೆ.

ಹೆಂಗಸರ ಮಾತೂ ಅದೇ. ನಮ್ಮ ವಂಶವೃಕ್ಷಗಳಲ್ಲಿ ಗಂಡಸರು ಒಬ್ಬರಿಂದ ಒಬ್ಬರು ತಾವೇ ಹುಟ್ಟಿದಂತೆ ನಿಂತಿರುತ್ತಾರೆ. ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳಲ್ಲಂತೂ ಹೆಣ್ಣಿನ ಹುಟ್ಟುಹೆಸರು, ತವರೂರು ಎರಡೂ ಒಂದೇ ದಿನ ಅಳಿಸಿಹೋಗುತ್ತವೆ. ಅಜ್ಜಿಯ ತವರೂರು ಯಾವುದೆಂದು ಅವಳು ಇರುವಾಗ ಕೇಳಿ ಬರೆದುಕೊಳ್ಳದಿದ್ದರೆ ಕೇಳಲು ಬೇರೆ ಯಾರೂ ಉಳಿದಿರುವುದಿಲ್ಲ. ಜಿನವಲ್ಲಭ ಅಷ್ಟನ್ನು ಕಲ್ಲಿನಲ್ಲಿ ಬರೆಸಿದ್ದ.

ಕೊನೆಯದಾಗಿ ಒಂದು ಸೂಚನೆ ಇಡುತ್ತೇನೆ, ನಮ್ಮ ಕನ್ನಡ ಸಂಘದವರು ಮನಸ್ಸು ಮಾಡಬೇಕು. ನಮ್ಮ ಸಭಾಂಗಣದಲ್ಲಿ ದಪ್ಪ ರಟ್ಟಿನ ಒಂದು ರಿಜಿಸ್ಟರ್ ಇರಲಿ. ಮನೆಗೊಂದು ಪುಟ. ಮೂಲ ಊರು, ಮನೆಯವರು ಉಚ್ಚರಿಸುವ ಹಾಗೆಯೇ. ಬಿ ಅಥವಾ ಕೆ ಇದ್ದರೆ ಅದೂ. 1956ಕ್ಕೆ ಮೊದಲು ಅದು ಯಾವ ತಾಲ್ಲೂಕು, ಯಾವ ಜಿಲ್ಲೆ. ಅದಕ್ಕೂ ಹಿಂದಿನ ಊರು ನೆನಪಿದ್ದರೆ ಅದು. ಮನೆದೇವರು, ಬೆಡಗು ಅಥವಾ ಗೋತ್ರ. ಹೈದರಾಬಾದಿಗೆ ಮೊದಲು ಬಂದವರು ಯಾರು, ಯಾವ ವರ್ಷ, ಫಸಲಿಯಲ್ಲಿ ಗೊತ್ತಿದ್ದರೆ ಫಸಲಿಯಲ್ಲೇ ಬರೆಯಿರಿ, ಲೆಕ್ಕ ಆಮೇಲೆ ಮಾಡಿಕೊಳ್ಳಬಹುದು. ತಾಯಿಯ ತವರೂರು, ಅಜ್ಜಿಯ ತವರೂರು, ಅವರು ಹುಟ್ಟಿದ ಮನೆಯಲ್ಲಿ ಇಟ್ಟಿದ್ದ ಹೆಸರು. ಮನೆಯಲ್ಲಿ ಉರ್ದು, ಮೋಡಿ, ಪಾರಸಿ ಕಾಗದವಿದ್ದರೆ ಇದೆ ಎಂಬ ಒಂದು ಸಾಲು. ಓದಿಸುವುದು ಮುಂದಿನ ಕೆಲಸ, ತಿಂಗಳಿಗೊಂದು ಭಾನುವಾರ ಉರ್ದು ಬಲ್ಲವರನ್ನೂ ಊರು ಬಲ್ಲವರನ್ನೂ ಕೂರಿಸಿ ಓದಿಸೋಣ. ಜಾತಿ ನೋಡಿ ಪುಟ ಕೊಡುವುದು ಬೇಡ, ಬರೆಯಲು ಬಾರದವರ ಪುಟವನ್ನು ಕಾಲೇಜು ಹುಡುಗರು ಕೇಳಿ ಬರೆಯಲಿ. ಎಂಬತ್ತು ದಾಟಿದ ಹಿರಿಯರ ಮನೆಗಳಿಗೆ ರಿಜಿಸ್ಟರನ್ನು ನಾವೇ ತೆಗೆದುಕೊಂಡು ಹೋಗೋಣ, ಈ ಮಳೆಗಾಲ ಶುರುವಾಗುವುದರೊಳಗೆ.